ಬಲಕ್ಕ ಕಟ್ ಮಾಡ್ರಿ, ಏನೂ ಆಗಂಗಿಲ್ಲ

ಊರಿನ ವಾಟ್ಸ್ಯಾಪ್ ಗುಂಪುಗಳಲ್ಲಿ ಈಗ ಬರೀ ಕೆಂಪು ಬಂಡೆ. ನಮ್ಮ ಹುಬ್ಬಳ್ಳಿಯ ಒಂದಿಷ್ಟು ಮಂದಿ ಅಮೆರಿಕದ ಯೂಟಾ ರಾಜ್ಯದ ಮೋಆಬ್‌ಗೆ ಹೋಗಿ, ಜೀಪು ಬಾಡಿಗೆ ಹಿಡಿದು, ಮರುಭೂಮಿಯ ಕಣಿವೆಗಳಲ್ಲಿ ಸಾಲಾಗಿ ಓಡಿಸಿ ಬಂದಿದ್ದಾರೆ. ಫೋಟೊ ನೀವೂ ನೋಡಿರ್ತೀರಿ. ಮುಂದಿನ ಗಾಲಿ ಆಕಾಶಕ್ಕೆ, ಹಿಂದಿನದು ಬಂಡೆಗೆ, ಸ್ಟೇರಿಂಗ್ ಹಿಂದೆ ಕರಿ ಕನ್ನಡಕದ ನಗು. ಕೆಳಗೆ ಒಂದು ಸಾಲು: ‘ಲೈಫ್ ಅಂದ್ರ ಇದು!’ ಅದಕ್ಕೆ ಚಪ್ಪಾಳೆ, ‘ಸೂಪರ್ ಅಣ್ಣಾ’.

ನನಗೇನೂ ಹೊಟ್ಟೆಕಿಚ್ಚಿಲ್ಲ. ಸ್ವಲ್ಪ ಇದೆ. ‘ಇದಕ್ಕ ಅಮೆರಿಕಾಕ್ಕ ಯಾಕ ಹೋಗಬೇಕಿತ್ತು, ನಮ್ಮ ಓಣಿಗೆ ಬಂದಿದ್ರ ಸಾಕಿತ್ತಲ್ಲ’ ಅನ್ನೋ ಜೋಕನ್ನು ಊರಿನ ಎಲ್ಲರೂ ಆಗ್ಲೇ ಹೊಡೆದಾಗಿದೆ. ಅದನ್ನ ನಾನು ಮತ್ತೆ ಹೊಡೆಯಲ್ಲ. ನನ್ನ ನಿದ್ದೆ ಕೆಡಿಸಿದ್ದು ಬೇರೆ. ಆ ಕಲ್ಲುದಾರಿಗೆ ಒಂದು ಶಿಸ್ತು ಇದೆಯಂತೆ.

1967ರಿಂದ ಅಲ್ಲಿ ಈಸ್ಟರ್ ಹೊತ್ತಿಗೆ ಜೀಪ್ ಸಫಾರಿ ನಡೆಯುತ್ತೆ. ಪ್ರತಿ ದಾರಿಗೂ ಎಷ್ಟು ಕಷ್ಟ ಅಂತ 1ರಿಂದ 10ರವರೆಗೆ ಅಂಕ ಕೊಡ್ತಾರೆ. ‘ಹೆಲ್ಸ್ ರಿವೆಂಜ್’ ಅಂತ ಒಂದು ದಾರಿ, ಸುಮಾರು 10 ಕಿಲೋಮೀಟರ್. ಹೆಸರಲ್ಲೇ ನರಕ ಇದೆ. ಒಳಗೆ ಬಿಡೋಕೆ ದುಡ್ಡು ತಗೋತಾರೆ ನಿಜ. ಆದ್ರೆ ದಾರಿ ತಪ್ಪದಿರಲಿ ಅಂತ ಬಂಡೆಯ ಮೇಲೆ ಉದ್ದಕ್ಕೂ ಬೆಂಕಿಯ ಗುರುತು ಬರೆದಿದ್ದಾರೆ. ನರಕಕ್ಕೂ ಗುರುತು!

ನಮ್ಮಲ್ಲಿ ಗುರುತು ಅಂದ್ರೆ ಬೇವಿನ ಟೊಂಗೆ. ಮ್ಯಾನ್‌ಹೋಲ್ ಕುಸಿದಿದೆಯಾ, ಒಂದು ಟೊಂಗೆ. ಅದಕ್ಕೆ ಸಿಮೆಂಟಿನ ಹರಕು ಚೀಲ. ಗುಂಡಿ ದೊಡ್ಡದಾದ್ರೆ ಕಾಲು ಮುರಿದ ಪ್ಲಾಸ್ಟಿಕ್ ಕುರ್ಚಿ. ಇದನ್ನೆಲ್ಲ ಇಡೋದು ಯಾವ ಇಲಾಖೆಯೂ ಅಲ್ಲ, ಎದುರಿನ ಪಾನ್ ಅಂಗಡಿಯವನು. ಟೊಂಗೆ ಒಣಗಿದ್ರೆ ಬದಲಾಯಿಸೋದೂ ಅವನೇ. ಊರಿನ ಏಕೈಕ ರಸ್ತೆ ನಿರ್ವಹಣೆ ಅಂದ್ರೆ ಅದು. ಟೆಂಡರಿಲ್ಲ, ಬಿಲ್ಲಿಲ್ಲ, ಕಮಿಷನ್ನೂ ಇಲ್ಲ.

ಹೋಗಿ ಬಂದವರು ಬಾಯಿ ತುಂಬ ಹೊಗಳಿದ್ದು ‘ಸ್ಪಾಟರ್’ ಬಗ್ಗೆ. ಕಡಿದಾದ ಬಂಡೆ ಏರುವಾಗ ಗಾಡಿ ಓಡಿಸೋನಿಗೆ ಬಾನೆಟ್ಟು, ಆಕಾಶ ಬಿಟ್ಟು ಏನೂ ಕಾಣಲ್ಲ. ಒಬ್ಬ ಕೆಳಗಿಳಿದು, ಎದುರು ನಿಂತು, ಗಾಲಿ ಎಲ್ಲಿಡಬೇಕು ಅಂತ ಕೈಸನ್ನೆ ಮಾಡ್ತಾನೆ. ಒಬ್ಬನೇ. ಎರಡನೆಯವನು ಬಾಯಿ ಹಾಕುವಂತಿಲ್ಲ.

ಒಬ್ಬನೇ ಅಂತೆ! ನಮ್ಮ ದುರ್ಗದಬೈಲ್ ಪೇಟೆಯಲ್ಲಿ ಹೇಳಿ ನೋಡಿ, ಜನ ನಗ್ತಾರೆ. ಇಲ್ಲಿ ಒಂದು ಕಾರು ಅಗೆದ ಚರಂಡಿಯ ಅಂಚಿಗೆ ಸಿಕ್ಕಿಕೊಳ್ಳಲಿ, ಗಿರ್ಮಿಟ್ ತಿನ್ನೋದನ್ನ ಅರ್ಧಕ್ಕೇ ಬಿಟ್ಟು ಎಂಟು ಸ್ಪಾಟರ್‌ಗಳು ಹಾಜರ್. ‘ಬರ್ಲಿ, ಬರ್ಲಿ, ಬರ್ಲಿ’ ಅಂತ ಒಬ್ಬ. ‘ಎಲ್ಲಿ ಬರ್ಲಿ ಅಂತೀಲೇ, ಹಿಂದ ಆಟೋ ಐತಿ’ ಅಂತ ಇನ್ನೊಬ್ಬ. ‘ಬಲಕ್ಕ ಕಟ್ ಮಾಡ್ರಿ ಸರ, ಏನೂ ಆಗಂಗಿಲ್ಲ’ ಅನ್ನೋ ಮೂರನೆಯವನಿಗೆ ಗಾಡಿ ಓಡಿಸೋಕೇ ಬರಲ್ಲ. ಇವರ ನಡುವೆ ಕೈಯಲ್ಲಿ ಪೇಪರ್ ಪೊಟ್ಟಣ ಹಿಡಿದೇ ಬಾನೆಟ್ ತಟ್ಟೋ ಕಾಕಾ ಒಬ್ಬರು. ‘ಯಾವ್ ಊರ್ರೀ ನಿಮ್ದು?’ ಅಂತ ಕೇಳ್ತಾರೆ. ಬೆಳಗಾವಿ ಅಂದ್ರೆ ಸಾಕು, ಅಲ್ಲಿನ ಮದುವೆಯೊಂದರ ಕತೆ ಶುರು. ಅದು ಮುಗಿಯೋದ್ರೊಳಗೆ ಎಂಟೂ ಜನ ಕೈ ಒರೆಸಿಕೊಂಡು ಕಾರನ್ನು ಎತ್ತಿ ಆಚೆ ಇಟ್ಟಿರ್ತಾರೆ. ಆಮೇಲೆ ಕಾಕಾ ಹೇಳ್ತಾರೆ: ‘ಈ ಕಡೆ ದಾರೀನ ಇಲ್ರೀ, ತಿರುಗಿಸ್ಕೊಂಡು ಹೋಗ್ರಿ.’ ಮೋಆಬಿನವರು ಇದೇ ಕೆಲಸಕ್ಕೆ ಜೀಪಿನ ಮೂತಿಗೆ ವಿಂಚ್ ಅಂತ ಹಗ್ಗ ಸುತ್ತೋ ಯಂತ್ರ ಕಟ್ಟಿಕೊಳ್ತಾರೆ. ಪಾಪ.

ಗುಂಪಿನಲ್ಲಿ ಹೋಗುವಾಗ ಇನ್ನೊಂದು ನಿಯಮ. ನಿನ್ನ ಹಿಂದಿನ ಗಾಡಿ ಕನ್ನಡಿಯಲ್ಲಿ ಕಾಣ್ತಾ ಇರಬೇಕು, ಕಾಣದಿದ್ರೆ ನಿಲ್ಲು. ನಮ್ಮ ಬೈಕುಗಳ ಕನ್ನಡಿ ತಲೆ ಬಾಚೋಕೆ ಇರೋದು, ಮುಂದಿನ ಮಾತು ಬಿಡಿ. ಮಳೆ ಮೋಡ ಕಂಡ್ರೆ ಕಣಿವೆಗೆ ಇಳಿಯಬೇಡಿ ಅಂತಾರೆ, ಎಲ್ಲೋ ದೂರ ಮಳೆಯಾದ್ರೂ ನೀರು ದಿಢೀರ್ ಅಂತ ನುಗ್ಗುತ್ತಂತೆ. ಮಳೆ ಬಂದ್ರೆ ರಸ್ತೆ ಮುಳುಗೋ ಧಾರವಾಡದ ಟೋಲ್ ನಾಕಾದವರಿಗೆ ಇದನ್ನ ವಿವರಿಸೋ ಅಗತ್ಯ ಇಲ್ಲ.

ಆದ್ರೆ ಆ ಮಣ್ಣಿನ ವಿಚಾರ ಕೇಳಿ. ಅಲ್ಲಿನ ಮರುಭೂಮಿಯ ಮಣ್ಣಿನ ಮೇಲೆ ಸೂಕ್ಷ್ಮಜೀವಿಗಳು ಕಟ್ಟಿದ ಒಂದು ಕಪ್ಪು ಪದರ ಇರುತ್ತೆ. ಗಾಲಿ ಹರಿದ್ರೆ ಒಡೀತು, ಮತ್ತೆ ಕೂಡಿಕೊಳ್ಳೋಕೆ ಎಷ್ಟೋ ದಶಕ ಬೇಕು. ಅದಕ್ಕೇ ದಾರಿ ಬಿಟ್ಟು ಆಚೀಚೆ ಹೋಗಂಗಿಲ್ಲ. ಓದಿ ನನಗೆ ಸಮಾಧಾನವಾಯ್ತು. ನಮ್ಮ ಡಾಂಬರೂ ಇದೇ ಜಾತಿಯದು. ನೀರಿನ ಪೈಪಿನವರು ಒಮ್ಮೆ ಅಗೆದ್ರೆ ತಾನಾಗಿಯೇ ಕೂಡಿಕೊಳ್ಳಲಿ ಅಂತ ಬಿಟ್ಟು ಹೋಗ್ತಾರೆ. ಕೂಡೋ ಹೊತ್ತಿಗೆ ಗ್ಯಾಸಿನವರು, ಅವರ ಬೆನ್ನಿಗೆ ಒಳಚರಂಡಿ, ಆಮೇಲೆ ಕೇಬಲ್. ಪ್ರಕೃತಿಗೆ ಕಣಿವೆ ಕೊರೆಯೋಕೆ ಲಕ್ಷಾಂತರ ವರ್ಷ ಬೇಕಾಯ್ತು. ನಮ್ಮಲ್ಲಿ ಒಂದು ಜೆಸಿಬಿ, ಒಂದು ರಾತ್ರಿ.

ಇಲ್ಲೇ ಉಳಿದ ಥಾರ್ ಜೀಪುಗಳ ಬಗ್ಗೆಯೂ ಎರಡು ಮಾತು. ವಿದ್ಯಾನಗರದ ಸಂಜೆಗೆ ಅವೇ ಶೋಭೆ. ಎದೆಮಟ್ಟದ ಗಾಲಿ, ಕಣ್ಣು ಕುಕ್ಕೋ ಲೈಟು, ಒಳಗೆ ಐಸ್‌ಕ್ರೀಮ್ ತಿನ್ನೋ ಸಂಸಾರ. ನಾಲ್ಕೂ ಗಾಲಿಗೆ ಶಕ್ತಿ ಕೊಡೋ ಆ ಗಿಡ್ಡ ಲಿವರ್ ಶೋರೂಮಿನಲ್ಲಿ ಇದ್ದ ಜಾಗದಿಂದ ಇನ್ನೂ ಕದಲಿಲ್ಲ. ಗುಂಡಿ ಕಂಡ ಕೂಡಲೇ ಥಾರ್ ನಿಲ್ಲುತ್ತೆ, ಬಣ್ಣಕ್ಕೆ ಗೀರು ಬಿದ್ದೀತು ಅಂತ. ಅದರ ಪಕ್ಕದಲ್ಲೇ ಹನ್ನೆರಡು ಜನ, ಎರಡು ಮೆಣಸಿನಕಾಯಿ ಚೀಲ ಹೊತ್ತ ಟಂಟಂ ಆಟೋ ಹಾಡು ಹಾಕಿಕೊಂಡು ದಾಟಿ ಹೋಗುತ್ತೆ. ಡ್ರೈವರಿನ ಒಂದು ಕಾಲು ಹೊರಗೇ ಇರುತ್ತೆ, ಆ ಕಡೆ ವಾಲಿದ್ರೆ ಊರೋಕೆ.

ನಗಿಸಬೇಕು ಅಂತಾನೇ ಕೂತಿದ್ದೆ, ಇನ್ನು ಆಗ್ತಿಲ್ಲ. ಮೋಆಬಿನಲ್ಲಿ ಜೀಪ್ ಕೈಗೆ ಕೊಡೋ ಮೊದಲು ‘ಏನಾದ್ರೂ ಆದ್ರೆ ನಾನೇ ಜವಾಬ್ದಾರಿ’ ಅಂತ ಸಹಿ ಮಾಡಿಸಿಕೊಳ್ತಾರೆ. 2024ರ ಸೆಪ್ಟೆಂಬರ್‌ನಲ್ಲಿ ಹುಬ್ಬಳ್ಳಿಯ ಮೇಲ್ಸೇತುವೆ ಕಾಮಗಾರಿಯಿಂದ ಕಬ್ಬಿಣದ ರಾಡು ತಲೆಗೆ ಬಿದ್ದು ಸತ್ತ ಎಎಸ್‌ಐ ಅಂಥ ಯಾವ ಕಾಗದಕ್ಕೂ ಸಹಿ ಹಾಕಿರಲಿಲ್ಲ. 2021ರ ಜನವರಿಯಲ್ಲಿ ಇಟಿಗಟ್ಟಿ ಹತ್ತಿರ ಹುಬ್ಬಳ್ಳಿ-ಧಾರವಾಡ ಬೈಪಾಸಿನಲ್ಲಿ ಹತ್ತಕ್ಕೂ ಹೆಚ್ಚು ಜನ ಹೋದರಲ್ಲ, ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಗೆಳತಿಯರು, ಅವರೂ ಹಾಕಿರಲಿಲ್ಲ. ಆಗ ಅದು ಎರಡೇ ಪಥದ ರಸ್ತೆ. ಟೋಲ್ ಮಾತ್ರ ತಪ್ಪಲಿಲ್ಲ. ಅಗಲ ಮಾಡಿ ಅಂತ ಜನ ಕೂಗಿದ್ದು ಆ ಬೆಳಿಗ್ಗೆಗಿಂತ ಎಷ್ಟೋ ಮೊದಲು. ಕೆಲಸಕ್ಕೆ ಅಡಿಗಲ್ಲು ಬಿದ್ದಿದ್ದು ಅದರ ಮರುವರ್ಷ. ಸಾಹಸ ಅಂದ್ರೆ ಹೇಳಿ ಕೇಳಿ ಹೋಗೋದು. ಇದಕ್ಕೆ ಬೇರೆ ಹೆಸರಿದೆ, ಅದನ್ನ ಇಲ್ಲಿ ಬರೆಯೋಕೆ ಬರಲ್ಲ.

ರಸ್ತೆ ಸರಿ ಮಾಡಿ ಅಂತ ಕೇಳೋದನ್ನ ಬಿಟ್ಟಿದ್ದೇವೆ. ಆ ಅಂಕ ಕೊಡೋ ಪದ್ಧತಿಯನ್ನಾದ್ರೂ ತನ್ನಿ. ಓಣಿಯ ಬಾಯಿಗೆ ಒಂದು ಬೋರ್ಡು: ಬೇಸಿಗೆಯಲ್ಲಿ 4, ಮಳೆಗಾಲದಲ್ಲಿ 7, ರಾತ್ರಿ ಕರೆಂಟು ಹೋದ್ರೆ 9. ದಿನ ತುಂಬಿದ ಮಗಳನ್ನ ಆಟೋದಲ್ಲಿ ಆಸ್ಪತ್ರೆಗೆ ಕರ್ಕೊಂಡು ಹೊರಟ ತಾಯಿ ಅದನ್ನ ನೋಡಿ ಬೇರೆ ಗಲ್ಲಿ ಹಿಡೀತಾಳೆ. 10 ಅಂಕ ಬಂದ ವಾರ್ಡಿನಲ್ಲಿ ಅಭಿನಂದನೆಯ ಫ್ಲೆಕ್ಸೂ ಏಳುತ್ತೆ ಬಿಡಿ. ಕಂಬ ನೆಡೋಕೆ ಗುಂಡಿ ತೋಡಿಸೋ ಖರ್ಚೂ ಇಲ್ಲ.