ಹದಿನೆಂಟು ದಿನದ ಪಟ್ಟ

ಕುರುಕ್ಷೇತ್ರ ಯುದ್ಧ ನಡೆದದ್ದು 18 ದಿನ. ಅಷ್ಟರಲ್ಲಿ ಕೌರವರ ಕಡೆ ಭೀಷ್ಮ, ದ್ರೋಣ, ಕರ್ಣ, ಶಲ್ಯ ಅಂತ ನಾಲ್ಕು ಸೇನಾಪತಿಗಳು ಮುಗಿದುಹೋದರು. ಬ್ರಿಟನ್ನಿನ ಯುಕಿಪ್ (ಯುಕೆ ಇಂಡಿಪೆಂಡೆನ್ಸ್ ಪಾರ್ಟಿ) ಪಕ್ಷಕ್ಕೆ ಡಯಾನ್ ಜೇಮ್ಸ್ ನಾಯಕಿಯಾಗಿದ್ದದ್ದೂ 18 ದಿನವೇ. ವ್ಯತ್ಯಾಸ ಇಷ್ಟೇ. ಅಲ್ಲಿ ಮೊದಲು ಯುದ್ಧ ನಡೆಯಿತು, ಆಮೇಲೆ ಯಾರೋ ಗೆದ್ದರು. ಇಲ್ಲಿ ಮೊದಲು ಗೆದ್ದರು, ಆಮೇಲೆ ಯುದ್ಧ ಶುರುವಾಯಿತು.

ಗೆದ್ದದ್ದು ಏನು ಅಂತ ಮೊದಲು ಹೇಳಿಬಿಡುತ್ತೇನೆ. 1993ರಲ್ಲಿ ಲಂಡನ್ನಿನ ಇತಿಹಾಸದ ಮೇಷ್ಟ್ರು ಅಲನ್ ಸ್ಕೆಡ್ ಈ ಪಕ್ಷ ಕಟ್ಟಿದರು. ಬೇಡಿಕೆ ಒಂದೇ: ದೇಶ ಯುರೋಪಿಯನ್ ಒಕ್ಕೂಟದಿಂದ ಹೊರಗೆ ಬರಬೇಕು. ದೇಶ ಹೊರಗೆ ಬರಲು ಬಹಳ ವರ್ಷ ಬೇಕಾಯಿತು. ಮೇಷ್ಟ್ರು ಮಾತ್ರ 1997ರಲ್ಲೇ ಪಕ್ಷದಿಂದ ಹೊರಗೆ ಬಂದರು. ಮನೆ ಕಟ್ಟಿದವನೇ ಮೊದಲು ಬಾಗಿಲು ತೆಗೆದು ಹೊರಟ. ಆಮೇಲೆ ಆ ಬಾಗಿಲಿಗೆ ಚಿಲಕ ಹಾಕುವ ಪ್ರಸಂಗವೇ ಬರಲಿಲ್ಲ.

ಅಂಚಿನ ಪಕ್ಷ ಅಂತ ಸುಮ್ನೆ ತಳ್ಳಿಹಾಕುವ ಹಾಗೂ ಇರಲಿಲ್ಲ ಬಿಡಿ. 2014ರ ಯುರೋಪಿಯನ್ ಸಂಸತ್ತಿನ ಚುನಾವಣೆಯಲ್ಲಿ 24 ಸೀಟು ಗೆದ್ದು ಬ್ರಿಟನ್ನಿಗೇ ಮೊದಲ ಸ್ಥಾನಕ್ಕೆ ಬಂದಿತ್ತು. 2015ರ ಸಾರ್ವತ್ರಿಕ ಚುನಾವಣೆಯಲ್ಲಿ 38 ಲಕ್ಷಕ್ಕೂ ಹೆಚ್ಚು ಮತ ಬಿತ್ತು. ಸೀಟು ಬಂದದ್ದು ಒಂದು. ಅದೇ ಚುನಾವಣೆಯಲ್ಲಿ ಸ್ಕಾಟ್ಲೆಂಡಿನ ಎಸ್‌ಎನ್‌ಪಿ ಹದಿನಾಲ್ಕೂವರೆ ಲಕ್ಷ ಮತಕ್ಕೆ 56 ಸೀಟು ಗೆದ್ದಿತು. ಇದು ಅನ್ಯಾಯ ಅಂತ ಯುಕಿಪ್‌ನವರು ಕೂಗಿದರೆ ನಾನೂ ತಲೆಯಾಡಿಸುತ್ತೇನೆ. ಅವರ ಪರವಾಗಿ ನಾನು ತಲೆಯಾಡಿಸುವುದು ಇದೊಂದೇ ಸಲ.

2016ರ ಜೂನ್ 23ರಂದು ಜನಮತಗಣನೆ ನಡೆಯಿತು. ಶೇಕಡಾ 51.9ರಷ್ಟು ಜನ ಹೊರಗೆ ಬರೋಣ ಅಂದರು. ಕೇಳಿದ ವರ ಸಿಕ್ಕಿತು. ಇನ್ನು ಏನು ಮಾಡಬೇಕು? ಅದೇ ಸಮಸ್ಯೆ. ಕೆಲಸ ಮುಗಿದಿದೆ, ಪಕ್ಷ ಉಳಿದಿದೆ. ಪಕ್ಷದಲ್ಲಿ ಒಂದು ಕುರ್ಚಿಯೂ ಉಳಿದಿದೆ.

ಆ ಕುರ್ಚಿಯಲ್ಲಿದ್ದ ನೈಜೆಲ್ ಫರಾಜ್ ಜುಲೈ 4ರಂದು ಎದ್ದರು. ನನ್ನ ಬದುಕು ನನಗೆ ವಾಪಸ್ ಬೇಕು ಅಂದರು. ರಾಜೀನಾಮೆ ಅವರಿಗೆ ಹೊಸದೇನಲ್ಲ. 2009ರಲ್ಲಿ ಒಮ್ಮೆ ಕೊಟ್ಟು ಮರುವರ್ಷ ವಾಪಸ್ ಬಂದಿದ್ದರು. ಆ ನಡುವೆ ಕೂತ ಲಾರ್ಡ್ ಪಿಯರ್ಸನ್ ವರ್ಷ ತುಂಬುವ ಮೊದಲೇ, ಪಕ್ಷ ರಾಜಕಾರಣ ನನಗೆ ಅಷ್ಟಾಗಿ ಬರೋದಿಲ್ಲ ಅಂತ ಹೇಳಿ ಎದ್ದು ಹೋದರು. ಇಡೀ ಕಥೆಯಲ್ಲಿ ಇಷ್ಟು ಪ್ರಾಮಾಣಿಕವಾದ ಮಾತು ಇನ್ನೊಂದಿಲ್ಲ. 2015ರಲ್ಲಿ ಫರಾಜ್ ಮತ್ತೆ ರಾಜೀನಾಮೆ ಕೊಟ್ಟರು. ಮೂರು ದಿನ ಬಿಟ್ಟು, ಪಕ್ಷ ಒಪ್ಪಲಿಲ್ಲ ಅಂತ ಮತ್ತೆ ಬಂದು ಕೂತರು. ಊಟ ಸಾಕು ಅಂತ ಎದ್ದು, ಬಲವಂತ ಮಾಡಿದರು ಅಂತ ಪಾಯಸಕ್ಕೆ ಕೂರುತ್ತಾರಲ್ಲ, ಹಾಗೆ.

ಈ ಸಲ ಮಾತ್ರ ಸ್ಪರ್ಧೆ ನಡೆದೇ ನಡೆಯಿತು. ಗೆಲ್ಲುವ ಕುದುರೆ ಸ್ಟೀವನ್ ವೂಲ್ಫ್ ಅಂತ ಎಲ್ಲರೂ ಅಂದುಕೊಂಡಿದ್ದರು. ನಾಮಪತ್ರಕ್ಕೆ ಕೊನೆಯ ಗಡುವು ಜುಲೈ 31ರ ಮಧ್ಯಾಹ್ನ 12. ವೂಲ್ಫ್ ಅವರ ಅರ್ಜಿ ಬಂದದ್ದು 12 ಗಂಟೆ 17 ನಿಮಿಷಕ್ಕೆ. ವೆಬ್‌ಸೈಟ್ ಕೈಕೊಟ್ಟಿತು ಅಂದರು. ಸಮಿತಿ ಕೇಳಲಿಲ್ಲ, ಕುದುರೆಯನ್ನು ಲಾಯಕ್ಕೆ ಕಳಿಸಿತು. ನಲವತ್ತು ವರ್ಷದ ಒಪ್ಪಂದಗಳ ಗಂಟನ್ನು ಚಿಟಿಕೆ ಹೊಡೆಯುವುದರಲ್ಲಿ ಬಿಚ್ಚುತ್ತೇವೆ ಅನ್ನುತ್ತಿದ್ದ ಪಕ್ಷ ಅಲ್ವಾ ಇದು? ಒಂದು ಆನ್‌ಲೈನ್ ಅರ್ಜಿ ಅದರ ಹಣೆಬರಹ ಬದಲಿಸಿತು.

ಹೀಗೆ ದಾರಿ ಖಾಲಿಯಾದಾಗ ಬಂದವರು ಡಯಾನ್ ಜೇಮ್ಸ್. ಉಳಿದ ಅಭ್ಯರ್ಥಿಗಳು ಊರೂರಿನ ಚರ್ಚಾಸಭೆಗಳಲ್ಲಿ ಗಂಟಲು ಹರಿದುಕೊಂಡರು. ಜೇಮ್ಸ್ ಅಲ್ಲಿಗೆ ಹೋಗಲೇ ಇಲ್ಲ. ಹೋಗದೆಯೇ 8,451 ಮತ ಪಡೆದು ಗೆದ್ದರು. ಯುಕಿಪ್‌ನಲ್ಲಿ ಕಣ್ಣಿಗೆ ಬೀಳದಿರುವುದೇ ದೊಡ್ಡ ಅರ್ಹತೆ ಅಂತ ಆವತ್ತೇ ಗೊತ್ತಾಗಬೇಕಿತ್ತು.

ಸೆಪ್ಟೆಂಬರ್ 16, ಬೋರ್ನ್‌ಮತ್ ಊರಿನ ಸಮಾವೇಶ. ವೇದಿಕೆಯ ಮೇಲೆ ಫರಾಜ್ ಹೊಸ ನಾಯಕಿಗೆ ಮುತ್ತು ಕೊಡಲು ಮುಂದೆ ಬಂದರು. ಆಕೆ ಮುಖ ಹಿಂದಕ್ಕೆ ಎಳೆದುಕೊಂಡರು. ಎಷ್ಟು ಎಳೆದರೂ ವೇದಿಕೆಗೆ ಒಂದು ಅಂಚು ಇರುತ್ತದಲ್ಲ. ಪಟ್ಟಾಭಿಷೇಕದ ಫೋಟೋ ಅಂತ ಉಳಿದದ್ದು ಅದೇ.

ಆದರೆ ನನಗೆ ಅದಕ್ಕಿಂತ ಇಷ್ಟವಾದದ್ದು ಒಂದು ಸಹಿ. ನಾಯಕಿಯಾದ ಮೇಲೆ ಚುನಾವಣಾ ಆಯೋಗಕ್ಕೆ ಒಂದು ಅರ್ಜಿ ತುಂಬಿ ಕೊಡಬೇಕು. ಜೇಮ್ಸ್ ಸಹಿ ಹಾಕಿ ಪಕ್ಕದಲ್ಲಿ ಲ್ಯಾಟಿನ್ ಭಾಷೆಯಲ್ಲಿ ‘ವಿ ಕೋಆಕ್ಟಸ್’ ಅಂತ ಸೇರಿಸಿದರು. ಬಲವಂತಕ್ಕೆ ಸಹಿ ಹಾಕಿದ್ದೇನೆ ಅಂತ ಅರ್ಥ. ಮದುವೆ ರಿಜಿಸ್ಟರಿನಲ್ಲಿ ಸಹಿ ಹಾಕಿ ಪಕ್ಕದಲ್ಲಿ ‘ಅಪ್ಪನ ಕಾಟಕ್ಕೆ’ ಅಂತ ಬರೆದ ಹಾಗೆ. ಅದೂ ಲ್ಯಾಟಿನ್ನಿನಲ್ಲಿ! ಯುರೋಪಿನ ಸಹವಾಸವೇ ಬೇಡ ಅಂತ ಹುಟ್ಟಿದ ಪಕ್ಷ. ಅದರ ನಾಯಕಿಗೆ ಕಷ್ಟಕಾಲದಲ್ಲಿ ನೆನಪಾದದ್ದು ರೋಮನ್ನರ ಭಾಷೆ.

ಅಕ್ಟೋಬರ್ 4ಕ್ಕೆ ಜೇಮ್ಸ್ ಹೊರಟರು. ಬೇಕಾದಷ್ಟು ಅಧಿಕಾರ ಇಲ್ಲ, ಜೊತೆಗಾರರ ಬೆಂಬಲವೂ ಇಲ್ಲ ಅಂದರು. ಆಮೇಲೆ ನೋಡಿದರೆ ಆಯೋಗದ ಕಾಗದದಲ್ಲಿ ನಾಯಕ ಅಂತ ಇದ್ದದ್ದು ಫರಾಜ್ ಹೆಸರೇ. ಅಂದರೆ ಆಕೆ ಬಲವಂತಕ್ಕೂ ಸರಿಯಾಗಿ ನಾಯಕಿಯಾಗಿರಲಿಲ್ಲ. ಫರಾಜ್ ಹಂಗಾಮಿಯಾಗಿ ವಾಪಸ್ ಬಂದರು. ಬದುಕನ್ನು ಮತ್ತೆ ಪಕ್ಕಕ್ಕಿಟ್ಟರು.

ಇನ್ನೆರಡು ದಿನ ಕಳೆಯಿತು. ಸ್ಟ್ರಾಸ್‌ಬರ್ಗ್‌ನ ಯುರೋಪಿಯನ್ ಸಂಸತ್ ಭವನದಲ್ಲಿ ಪಕ್ಷದ ಸಂಸದರ ಸಭೆ. ಮನಸ್ತಾಪ ತಿಳಿ ಮಾಡಿಕೊಳ್ಳೋಣ ಅಂತ ಕರೆದ ಸಭೆ ಅದು. ವೂಲ್ಫ್‌ಗೂ ಮೈಕ್ ಹುಕೆಮ್ ಎಂಬ ಇನ್ನೊಬ್ಬ ಸಂಸದರಿಗೂ ಮಾತಿಗೆ ಮಾತು ಬೆಳೆದು, ಹೊರಗೆ ಹೋಗಿ ನೋಡಿಕೊಳ್ಳೋಣ ಅನ್ನುವವರೆಗೆ ಹೋಯಿತು. ಹೊರಗೆ ಹೋಗೋದು ಪಕ್ಷದ ಮೂಲ ತತ್ವ ತಾನೆ! ಹೊಡೆದರು ಅಂತ ವೂಲ್ಫ್, ಕೈ ಎತ್ತಲೇ ಇಲ್ಲ ಅಂತ ಹುಕೆಮ್. ಏನಾಯಿತೋ, ಸ್ವಲ್ಪ ಹೊತ್ತಿಗೆ ವೂಲ್ಫ್ ಭವನದೊಳಗೆ ಕುಸಿದು ಬಿದ್ದು ಆಸ್ಪತ್ರೆ ಸೇರಿದರು. ಗುಣವಾಗಿ ಬಂದರು, ಅದು ಸಂತೋಷ. ಬಂದ ಮೇಲೆ ಈ ಪಕ್ಷವನ್ನು ಆಳುವುದು ಸಾಧ್ಯವಿಲ್ಲ ಅಂತ ಹೇಳಿ ಪಕ್ಷ ಬಿಟ್ಟರು. ಹದಿನೇಳು ನಿಮಿಷ ತಡವಾಗಿದ್ದು ಪುಣ್ಯ ಅಂತ ಆಮೇಲಾದರೂ ಅನ್ನಿಸಿರಬೇಕು.

ಮುಂದಿನವರು ಪಾಲ್ ನಟಾಲ್. ನವೆಂಬರಿನಲ್ಲಿ ಬಂದರು, ಫೆಬ್ರವರಿಯಲ್ಲಿ ಸ್ಟೋಕ್ ಉಪಚುನಾವಣೆ ಸೋತರು, ಜೂನ್‌ನಲ್ಲಿ ಹೋದರು. ನಡುವೆ ಬ್ರಿಟಿಷ್ ಸಂಸತ್ತಿನಲ್ಲಿ ಪಕ್ಷಕ್ಕಿದ್ದ ಏಕೈಕ ಸಂಸದ ಡಗ್ಲಸ್ ಕಾರ್ಸ್‌ವೆಲ್, ಬಂದ ಕೆಲಸ ಆಯಿತಲ್ಲ ಅಂತ ಹೇಳಿ ನಗುನಗುತ್ತಾ ಪಕ್ಷ ಬಿಟ್ಟರು. ಬುದ್ಧಿವಂತ. 2017ರ ಚುನಾವಣೆಯಲ್ಲಿ 38 ಲಕ್ಷ ಮತ 6 ಲಕ್ಷಕ್ಕೂ ಕೆಳಗಿಳಿಯಿತು.

ಮತ ಇಳಿದಷ್ಟೂ ಕುರ್ಚಿಗೆ ಜನ ಜಾಸ್ತಿ. ಈ ಸಲ ಏಳು ಅಭ್ಯರ್ಥಿಗಳು. ಅದರಲ್ಲಿ ಒಬ್ಬರು ಬಾಹ್ಯಾಕಾಶದ ಕ್ಷುದ್ರಗ್ರಹಗಳಲ್ಲಿ ಗಣಿಗಾರಿಕೆ ಮಾಡಿಸುವ ಯೋಜನೆ ಇಟ್ಟುಕೊಂಡು ಬಂದಿದ್ದರು. ಭೂಮಿಯ ಮೇಲೆ ಮತ ಸಿಗೋದು ಕಷ್ಟ ಅಂತ ಮೊದಲು ಅರ್ಥ ಮಾಡಿಕೊಂಡವರು ಅವರೇ ಇರಬೇಕು. ಗೆದ್ದದ್ದು ಮಾಜಿ ಸೈನ್ಯಾಧಿಕಾರಿ ಹೆನ್ರಿ ಬೋಲ್ಟನ್, 3,874 ಮತಕ್ಕೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಬೇಕಲ್ಲ, ಅದೇ ಸಮಾವೇಶದಲ್ಲಿ ಪಕ್ಷ ಹೊಸ ಚಿಹ್ನೆಯನ್ನೂ ತೋರಿಸಿತು. ಸಿಂಹದ ಮುಖ. ನೋಡಿದವರೆಲ್ಲ ಇದು ಪ್ರೀಮಿಯರ್ ಲೀಗ್ ಫುಟ್‌ಬಾಲಿನ ಸಿಂಹ ಅಲ್ವಾ ಅಂದರು.

ಬೋಲ್ಟನ್ ಒಮ್ಮೆ, ಬರಿಗೈಯಲ್ಲಿ ಬ್ಯಾಡ್ಜರ್ ಕೊಲ್ಲಬಲ್ಲೆ ಅಂದರು. ಬ್ಯಾಡ್ಜರ್ ಅಂದರೆ ಬಿಲ ತೋಡಿಕೊಂಡು ತನ್ನ ಪಾಡಿಗೆ ಇರುವ, ಮುಖದ ಮೇಲೆ ಕಪ್ಪು ಬಿಳಿ ಪಟ್ಟೆಯ ಪ್ರಾಣಿ. ಅದು ಯಾರ ತಂಟೆಗೂ ಹೋಗಿರಲಿಲ್ಲ, ಯುಕಿಪ್ ಸದಸ್ಯತ್ವವೂ ಅದಕ್ಕಿರಲಿಲ್ಲ. ಬೋಲ್ಟನ್‌ಗೆ ಬೇಕಾಗಿದ್ದ ಶಕ್ತಿ ಬೇರೆ. 2018ರ ಜನವರಿಯಲ್ಲಿ ಅವರ ಗೆಳತಿ ಕಳಿಸಿದ್ದ ಜನಾಂಗ ನಿಂದನೆಯ ಸಂದೇಶಗಳು ಹೊರಬಿದ್ದವು. ಕಾರ್ಯಕಾರಿ ಸಮಿತಿಯಲ್ಲಿ ಅವಿಶ್ವಾಸದ ಮತ ಹಾಕಿದಾಗ ಅವರ ಪರ ಇದ್ದದ್ದು ಅವರೊಬ್ಬರೇ. ವಕ್ತಾರರು ಒಬ್ಬರ ಹಿಂದೆ ಒಬ್ಬರು ರಾಜೀನಾಮೆ ಕೊಟ್ಟರು. ಬೋಲ್ಟನ್ ಮಾತ್ರ ಕುರ್ಚಿಯ ಕೈ ಹಿಡಿದು ಕೂತರು. ಕೊನೆಗೆ ಬರ್ಮಿಂಗ್‌ಹ್ಯಾಮ್‌ನಲ್ಲಿ ಸದಸ್ಯರ ಸಭೆ ಸೇರಿಸಿ 867ಕ್ಕೆ 500 ಮತದಿಂದ ಇಳಿಸಬೇಕಾಯಿತು.

ಆ ವರ್ಷದ ಮೇ ತಿಂಗಳಲ್ಲಿ ಸ್ಥಳೀಯ ಚುನಾವಣೆ. ಪಣಕ್ಕಿದ್ದ ಸೀಟುಗಳಲ್ಲಿ ನೂರಕ್ಕೂ ಹೆಚ್ಚು ಹೋಗಿ ಮೂರು ಉಳಿದವು. ಆಗ ಪಕ್ಷದ ಪ್ರಧಾನ ಕಾರ್ಯದರ್ಶಿ ರೇಡಿಯೋದಲ್ಲಿ ಕಾರ್ಯಕರ್ತರಿಗೆ ಧೈರ್ಯ ತುಂಬಿದರು. ಮಧ್ಯಯುಗದ ಪ್ಲೇಗನ್ನು ನೆನಪಿಸಿಕೊಳ್ಳಿ, ಅದು ಬರುತ್ತದೆ, ಅಲ್ಲೋಲಕಲ್ಲೋಲ ಮಾಡುತ್ತದೆ, ಆಮೇಲೆ ಸುಮ್ಮನೆ ಮಲಗುತ್ತದೆ, ನಾವೂ ಹಾಗೇ ಅಂದರು. ಇದನ್ನು ವಿರೋಧ ಪಕ್ಷದವರು ಹೇಳಿದ್ದಲ್ಲ, ಮತ್ತೆ ಹೇಳುತ್ತೇನೆ, ಪಕ್ಷದ ಪ್ರಧಾನ ಕಾರ್ಯದರ್ಶಿ ಹೇಳಿದ್ದು. ವಿಡಂಬನೆ ಬರೆಯುವವರ ಹೊಟ್ಟೆಯ ಮೇಲೆ ಹೀಗೆ ಹೊಡೆಯಬಾರದು.

ಹಂಗಾಮಿಯಾಗಿ ಬಂದ ಜೆರಾರ್ಡ್ ಬ್ಯಾಟನ್‌ಗೆ ಎದುರಾಳಿಯೇ ಇಲ್ಲದೆ ಕುರ್ಚಿ ಕಾಯಂ ಆಯಿತು. ಅವರು ತೀವ್ರ ಬಲಪಂಥೀಯ ಕಾರ್ಯಕರ್ತ ಟಾಮಿ ರಾಬಿನ್‌ಸನ್ ಅವರನ್ನು ಸಲಹೆಗಾರ ಮಾಡಿಕೊಂಡರು. ಫರಾಜ್ ಆ ಡಿಸೆಂಬರಿನಲ್ಲಿ ಪಕ್ಷವನ್ನೇ ಬಿಟ್ಟರು. ಬಿಟ್ಟವರು ಪಾಠ ಕಲಿತಿದ್ದರು. 2019ರಲ್ಲಿ ಬ್ರೆಕ್ಸಿಟ್ ಪಾರ್ಟಿ ಅಂತ ಹೊಸ ಅಂಗಡಿ ತೆರೆದರು. ಅದು ಲಿಮಿಟೆಡ್ ಕಂಪನಿ. ಸದಸ್ಯರಿಲ್ಲ. 25 ಪೌಂಡ್ ಕಟ್ಟಿ ಬೆಂಬಲಿಗ ಅಂತ ಹೆಸರು ಬರೆಸಬಹುದು, ಅಷ್ಟೆ. ಸದಸ್ಯರೇ ಇಲ್ಲ ಅಂದಮೇಲೆ ನಾಯಕನನ್ನು ಆರಿಸುವವರು ಯಾರು, ಇಳಿಸುವವರು ಯಾರು? ಆ ಮೇ ತಿಂಗಳ ಯುರೋಪಿಯನ್ ಚುನಾವಣೆಯಲ್ಲಿ ಕಂಪನಿಗೆ 29 ಸೀಟು, ಯುಕಿಪ್‌ಗೆ ಸೊನ್ನೆ.

ಯುಕಿಪ್‌ನಲ್ಲಿ ಆಗಲೂ ಸ್ಪರ್ಧೆ ನಿಲ್ಲಲಿಲ್ಲ. ಆಗಸ್ಟಿನಲ್ಲಿ ರಿಚರ್ಡ್ ಬ್ರೇನ್ ಗೆದ್ದರು. ಮರುತಿಂಗಳು ಪಕ್ಷದ ವಾರ್ಷಿಕ ಸಮಾವೇಶ. ಟಿಕೆಟ್ ಸರಿಯಾಗಿ ಮಾರಾಟವಾಗಿಲ್ಲ, ಹಾಗಾಗಿ ನಾನು ಬರೋದಿಲ್ಲ ಅಂದರು ಹೊಸ ನಾಯಕ. ನೆಂಟರು ಕಡಿಮೆ ಅಂತ ಮದುಮಗನೇ ಮದುವೆಗೆ ಬರಲಿಲ್ಲ. ಅಕ್ಟೋಬರಿನಲ್ಲಿ ಪಕ್ಷ ತನ್ನ ನಾಯಕನನ್ನೇ ಅಮಾನತು ಮಾಡಿತು. ಅವರು ರಾಜೀನಾಮೆ ಕೊಟ್ಟರು. ಮತ್ತೆ ಒಬ್ಬರು ಹಂಗಾಮಿ. ಡಿಸೆಂಬರಿನ ಸಾರ್ವತ್ರಿಕ ಚುನಾವಣೆಯಲ್ಲಿ ಇಡೀ ದೇಶದಲ್ಲಿ ಬಿದ್ದ ಮತ 22,817. ಮುಂದಿನ ನಾಯಕ ಫ್ರೆಡ್ಡಿ ವಾಚಾ 2020ರ ಜೂನ್‌ನಲ್ಲಿ ಬಂದರು, ಸೆಪ್ಟೆಂಬರಿನಲ್ಲಿ ಅಮಾನತಾದರು. ಮತ್ತೆ ಹಂಗಾಮಿ. ಈ ಪಕ್ಷದಲ್ಲಿ ಕಾಯಂ ಹುದ್ದೆ ಅಂತ ಇರೋದು ಹಂಗಾಮಿ ನಾಯಕನದು ಮಾತ್ರ.

ಕುರುಕ್ಷೇತ್ರಕ್ಕೆ ಇನ್ನೊಮ್ಮೆ ಹೋಗಿ ಬರೋಣ. ಹದಿನೆಂಟನೆಯ ದಿನ ತೊಡೆ ಮುರಿದು ಬಿದ್ದ ದುರ್ಯೋಧನ, ಆ ಸ್ಥಿತಿಯಲ್ಲೂ ಅಶ್ವತ್ಥಾಮನಿಗೆ ಸೇನಾಪತಿ ಪಟ್ಟ ಕಟ್ಟುತ್ತಾನೆ. ಸೇನೆ ಎಷ್ಟು ಉಳಿದಿತ್ತು? ಕೃಪ, ಕೃತವರ್ಮ, ಜೊತೆಗೆ ಸೇನಾಪತಿ. ಒಟ್ಟು ಮೂರು ಜನ. ಆದರೂ ಪಟ್ಟ ಪಟ್ಟವೇ. 2024ರಲ್ಲಿ ಲೋಯಿಸ್ ಪೆರಿ ಸ್ಪರ್ಧೆ ಗೆದ್ದು ಸುಮಾರು ಒಂದು ತಿಂಗಳಿಗೆ ಆರೋಗ್ಯದ ಕಾರಣಕ್ಕೆ ಬಿಟ್ಟರು. ಅದರ ಬಗ್ಗೆ ತಮಾಷೆ ಬೇಡ. ಅವರ ಜಾಗಕ್ಕೆ ಬಂದವರು ಯಾರಾಗಿ ಬಂದರು ಅಂತ ನಾನು ಹೇಳಬೇಕಾಗಿಲ್ಲ. ಆ ವರ್ಷದ ಸಾರ್ವತ್ರಿಕ ಚುನಾವಣೆಯಲ್ಲಿ ಪಕ್ಷಕ್ಕೆ ಬಿದ್ದ ಒಟ್ಟು ಮತ 6,530. ಡಯಾನ್ ಜೇಮ್ಸ್‌ಗೆ ಪಕ್ಷದೊಳಗೇ ಇದಕ್ಕಿಂತ ಜಾಸ್ತಿ ಬಿದ್ದಿತ್ತು!

ಒಂದು ವಿಷಯ ಬಾಕಿ ಇದೆ. 2021ರ ಲಂಡನ್ ಮೇಯರ್ ಚುನಾವಣೆಯಲ್ಲಿ ಕೌಂಟ್ ಬಿನ್‌ಫೇಸ್ ಅನ್ನುವವರು ನಿಂತಿದ್ದರು. ತಲೆಗೆ ಕಸದ ಡಬ್ಬಿ, ಮೈಗೆ ನಿಲುವಂಗಿ. ಬೇರೆ ಗ್ರಹದಿಂದ ಬಂದ ಯೋಧ ಅಂತ ಹೇಳಿಕೊಳ್ಳುತ್ತಾರೆ. ಅವರಿಗೆ ಬಿದ್ದ ಮತ 24,775. ಯುಕಿಪ್ ಅಭ್ಯರ್ಥಿಗೆ ಅದಕ್ಕಿಂತ ಕಡಿಮೆ. ಡಬ್ಬಿಯ ಪ್ರಣಾಳಿಕೆಯಲ್ಲಿ ಒಂದು ಭರವಸೆ ಇತ್ತು: ಅಕ್ಸ್‌ಬ್ರಿಜ್‌ನ ಒಂದು ಪಬ್ಬಿನ ಗಂಡಸರ ಶೌಚಾಲಯದಲ್ಲಿ ಕೈ ಒಣಗಿಸುವ ಯಂತ್ರ ಅಡ್ಡಾದಿಡ್ಡಿ ಜಾಗದಲ್ಲಿದೆ, ಅದನ್ನು ಸರಿಯಾದ ಜಾಗಕ್ಕೆ ಹಾಕಿಸುತ್ತೇನೆ.

ಸಣ್ಣ ಬೇಡಿಕೆ. ಈಡೇರಿತು ಅಂತಲೇ ಇಟ್ಟುಕೊಳ್ಳಿ. ಆಮೇಲೆ ಅಲ್ಲಿ ನಾಯಕ ಯಾರು ಅನ್ನುವ ಜಗಳ ಬರೋದಿಲ್ಲ. ಡಬ್ಬಿ ಇರೋದೇ ಒಂದು, ಒಳಗಿರುವ ತಲೆಯೂ ಒಂದೇ.