ಬಹಿಷ್ಕಾರ ಬೇಕೋ ಬೇಡವೋ, ಅದರ ಹೊಡೆತ ತಿನ್ನುವವರನ್ನು ಕೇಳಿ

1974ರಲ್ಲಿ ಭಾರತ ಡೇವಿಸ್ ಕಪ್ ಟೆನಿಸ್ ಫೈನಲ್ ತಲುಪಿತ್ತು. ವಿಜಯ್, ಆನಂದ್ ಅಮೃತರಾಜ್ ಅಣ್ಣತಮ್ಮಂದಿರು ತಂಡದಲ್ಲಿದ್ದರು. ಎದುರಾಳಿ ದಕ್ಷಿಣ ಆಫ್ರಿಕಾ. ವರ್ಣಭೇದ ನಡೆಸುವ ದೇಶದ ಜೊತೆ ಆಡಲ್ಲ ಅಂತ ಭಾರತ ಫೈನಲನ್ನೇ ಬಿಟ್ಟುಕೊಟ್ಟಿತು. ಒಂದು ಚೆಂಡೂ ಹೊಡೆಯದೆ ಕಪ್ ಅವರ ಪಾಲಾಯಿತು. ನಮಗೆ ಇವತ್ತಿಗೂ ಅದು ಸಿಕ್ಕಿಲ್ಲ. ಆದರೂ ಅಂದು ಮಾಡಿದ್ದು ಸರಿ ಅಂತಲೇ ನಾನು ಹೇಳುತ್ತೇನೆ.

ಯಾವುದಾದರೂ ದೇಶ ತನ್ನ ಜನರನ್ನೇ ತುಳಿಯುತ್ತಿದೆ, ಅದನ್ನು ಬಹಿಷ್ಕರಿಸಬೇಕು ಅಂದ ಕೂಡಲೇ ಒಂದು ಮಾತು ಬರುತ್ತದೆ: ಅದರಿಂದ ಸರ್ಕಾರಕ್ಕೇನೂ ಆಗಲ್ಲ, ಬಡವರ ಹೊಟ್ಟೆ ಮೇಲೆ ಹೊಡೆದಂತೆ ಅಷ್ಟೇ. ಈ ಮಾತನ್ನು ಸುಮ್ನೆ ತಳ್ಳಿಹಾಕೋಕೆ ಆಗಲ್ಲ. ಕುವೈತ್ ಮೇಲೆ ದಾಳಿ ಮಾಡಿದ್ದಕ್ಕೆ 1990ರಲ್ಲಿ ಇರಾಕ್ ಮೇಲೆ ವಿಶ್ವಸಂಸ್ಥೆ ನಿರ್ಬಂಧ ಹೇರಿತು. ಊಟ, ಔಷಧಿ, ಶುದ್ಧ ನೀರಿಗೆ ಜನ ಪರದಾಡಿದರು. ಸದ್ದಾಂ ಹುಸೇನ್ ಮಾತ್ರ ಕುರ್ಚಿಯಲ್ಲೇ ಇದ್ದ. ಅಲ್ಲಿ ವಿಶ್ವಸಂಸ್ಥೆಯ ನೆರವಿನ ಹೊಣೆ ಹೊತ್ತಿದ್ದ ಡೆನಿಸ್ ಹ್ಯಾಲಿಡೇ 1998ರಲ್ಲಿ ಇದನ್ನು ವಿರೋಧಿಸಿಯೇ ಕೆಲಸ ಬಿಟ್ಟರು.

ದಕ್ಷಿಣ ಆಫ್ರಿಕಾದ ಕಥೆ ಬೇರೆ. ನಮ್ಮ ದೇಶದ ಮಾಲು ಕೊಳ್ಳಬೇಡಿ ಅಂತ ಕೇಳಿಕೊಂಡವರು ಅಲ್ಲಿನ ಕಪ್ಪು ಜನರೇ. 1959ರಲ್ಲಿ ವರ್ಣಭೇದದ ವಿರುದ್ಧ ಹೋರಾಡುತ್ತಿದ್ದ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ (ಎಎನ್‌ಸಿ) ಪಕ್ಷದ ಅಧ್ಯಕ್ಷ ಆಲ್ಬರ್ಟ್ ಲುಥುಲಿ ಹೊರಗಿನವರಿಗೆ ಈ ಕರೆ ಕೊಟ್ಟರು. ಇದರಿಂದ ತಮ್ಮ ಜನಕ್ಕೂ ಕಷ್ಟ ತಪ್ಪಿದ್ದಲ್ಲ ಅನ್ನುವುದನ್ನು ಅವರು ಮುಚ್ಚಿಡಲಿಲ್ಲ. ವರ್ಣಭೇದ ನಿಲ್ಲಬೇಕು ಅನ್ನುವ ಬೇಡಿಕೆಯೂ ಸ್ಪಷ್ಟವಾಗಿತ್ತು. ಅಲ್ಲಿನವರ ದೊಡ್ಡ ಹೋರಾಟಕ್ಕೆ ಹೊರಗಿನ ಒತ್ತಡವೂ ಕೂಡಿಕೊಂಡಿತು. 1991ರಲ್ಲಿ ವರ್ಣಭೇದದ ಮುಖ್ಯ ಕಾನೂನುಗಳು ರದ್ದಾದವು. ಅದೇ ನವೆಂಬರ್‌ನಲ್ಲಿ ಅವರ ಕ್ರಿಕೆಟ್ ತಂಡ ಈಡನ್ ಗಾರ್ಡನ್ಸ್‌ಗೆ ಬಂತು, ನಮ್ಮವರು ಆಡಿದರು.

ಮೊದಲು ನಮ್ಮ ಮನೆ ಸರಿಮಾಡಿಕೊಳ್ಳೋಣ ಅನ್ನುವವರೂ ಇದ್ದಾರೆ. 1946ರಲ್ಲಿ ಭಾರತ ದಕ್ಷಿಣ ಆಫ್ರಿಕಾದ ಜೊತೆ ವ್ಯಾಪಾರ ನಿಲ್ಲಿಸಿತು, ಜಗತ್ತಿನಲ್ಲೇ ಮೊದಲು. ಆಗ ನಮಗೆ ಸ್ವಾತಂತ್ರ್ಯವೇ ಬಂದಿರಲಿಲ್ಲ. ನಮ್ಮ ಊರುಗಳ ಬಾವಿಯಲ್ಲಿ ದಲಿತರು ನೀರು ಸೇದುವಂತಿರಲಿಲ್ಲ. ಹಾಗಂತ ಅಂದು ಬಾಯಿ ಮುಚ್ಚಿಕೊಂಡಿರಬೇಕಿತ್ತಾ? ಅಲ್ಲೂ ಮಾತಾಡಬೇಕು, ಇಲ್ಲೂ ಮಾತಾಡಬೇಕು.

ಈಗ ಮ್ಯಾನ್ಮಾರ್ ವಿಷಯ. 2021ರ ಫೆಬ್ರವರಿಯಲ್ಲಿ ಸೇನೆ ಅಧಿಕಾರ ಕಿತ್ತುಕೊಂಡ ಮೇಲೆ ಅಲ್ಲಿನ ಕಾರ್ಮಿಕ ಸಂಘಟನೆಗಳೇ ಆರ್ಥಿಕ ನಿರ್ಬಂಧ ಹೇರಿ ಅಂತ ಜಗತ್ತನ್ನು ಕೇಳಿದವು. ಬಟ್ಟೆ ಹೊಲಿದು ಬದುಕುವ ಲಕ್ಷಾಂತರ ಹೆಣ್ಣುಮಕ್ಕಳಿರುವ ದೇಶ ಅದು. ಕೆಲಸ ಹೋದರೆ ಏನು ಗತಿ ಅಂತ ಹೆದರುವವರೂ ಅವರಲ್ಲೇ ಇದ್ದಾರೆ. ಆ ಭಯವೂ ನಿಜ.

ಇದನ್ನೆಲ್ಲ ನಾನು ನಮ್ಮ ಕೆಳಗಿನ ಮನೆಯ ಅಕ್ಕನ ಹತ್ತಿರ ಹೇಳಿದೆ. ಅವರು ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ಟೈಲರ್. ದಿನವಿಡೀ ಶರ್ಟಿನ ಕಫ್ ಹೊಲಿಯುತ್ತಾರೆ. ಕೂತು ಕೂತು ಸೊಂಟ ಹಿಡಿದುಕೊಂಡು, ಸಂಜೆ ಮೆಟ್ಟಿಲು ಹತ್ತುವಾಗ ಗೋಡೆಗೆ ಕೈ ಕೊಡುತ್ತಾರೆ. 2016ರ ಏಪ್ರಿಲ್‌ನಲ್ಲಿ ಪಿಎಫ್ ದುಡ್ಡು ತೆಗೆಯೋಕೆ ಕಟ್ಟುಪಾಡು ಹಾಕಿದಾಗ ಸಾವಿರಾರು ಹೆಂಗಸರು ಹೊಸೂರು ರಸ್ತೆಗೆ ಇಳಿದಿದ್ದರಲ್ವಾ, ಅವರಲ್ಲಿ ಇವರೂ ಒಬ್ಬರು. ಕೇಂದ್ರ ಸರ್ಕಾರ ಆ ನಿಯಮ ವಾಪಸ್ ತಗೊಂಡಿತು.

ಅವರು ಸ್ವಲ್ಪ ಹೊತ್ತು ಯೋಚಿಸಿ ಹೇಳಿದರು: "ಅವ್ರೇ ಬೇಡ ಅಂದ್ಮೇಲೆ ನಾವು ಬೇಕು ಅನ್ನೋಕೆ ಯಾರಮ್ಮ? ಆದ್ರೆ ಕಂಪ್ನಿಯೋರು ರಾತ್ರೋರಾತ್ರಿ ಬೀಗ ಹಾಕ್ಕೊಂಡು ಹೋಗ್ಬಾರ್ದು. ಸೆಟ್ಲ್‌ಮೆಂಟ್ ಕೊಟ್ಟೇ ಹೋಗ್ಬೇಕು."

ಚರ್ಚೆಗಳಲ್ಲಿ ಈ ಮಾತು ಕೇಳಿಸುವುದೇ ಇಲ್ಲ. ಬ್ರ್ಯಾಂಡ್‌ಗಳು ಒಂದು ದೇಶ ಬಿಟ್ಟು ಹೊರಟರೆ ನಾವು ಚಪ್ಪಾಳೆ ತಟ್ಟುತ್ತೇವೆ. ಹೊಲಿದವರಿಗೆ ಬಾಕಿ ಸಂಬಳ ಬಂತಾ, ಪರಿಹಾರ ಸಿಕ್ಕಿತಾ ಅಂತ ಕೇಳಲ್ಲ. ಆ ಆರ್ಡರ್‌ಗಳಲ್ಲಿ ಒಂದಿಷ್ಟು ನಾಳೆ ನಮ್ಮ ಬೆಂಗಳೂರಿಗೇ ಬರಬಹುದು. ಹಾಗೆ ಬಂದರೆ, ಮ್ಯಾನ್ಮಾರ್‌ನ ಲೆಕ್ಕ ಚುಕ್ತಾ ಮಾಡಿದ್ದೀರಾ ಅಂತ ನಮ್ಮ ಯೂನಿಯನ್‌ಗಳು ಆ ಬ್ರ್ಯಾಂಡ್‌ಗಳನ್ನು ಕೇಳಬೇಕು. ಅಂಗಡಿಯಲ್ಲಿ ಅದೇ ಶರ್ಟ್ ಕೊಳ್ಳುವ ನಾವೂ ಕೇಳಬೇಕು.