ಪೈನ್ ಬಾಗಿಲಿಗೆ ಓಕ್ ವೇಷ

ನಾನಿರುವುದು ಇಂಗ್ಲೆಂಡಿನ ಬೋಲ್ಟನ್‌ನಲ್ಲಿ. ನೂರು ವರ್ಷ ದಾಟಿದ ಸಾಲುಮನೆ. ಹೋದ ವರ್ಷ ಒಂದು ಒಳಬಾಗಿಲಿನ ಬಿಳಿ ಬಣ್ಣ ಕೆರೆಯಲು ಕೂತೆ. ಬಿಳಿಯ ಕೆಳಗೆ ಹಸಿರು, ಹಸಿರಿನ ಕೆಳಗೆ ಕಂದು. ಆ ಕಂದಿನಲ್ಲಿ ಚೆಂದದ ಮರದ ಗೆರೆಗಳು. ಅರೆ, ಓಕ್ ಮರ ಸಿಕ್ತು ಅಂತ ಹಿಗ್ಗಿದೆ. ಇನ್ನೆರಡು ಸಲ ಕೆರೆದಾಗ ಆ ಗೆರೆಗಳೂ ಎದ್ದು ಬಂದವು. ಕೆಳಗಿದ್ದದ್ದು ಬಡಪಾಯಿ ಪೈನ್. (ಹಳೆ ಮನೆಗಳ ಬಣ್ಣದಲ್ಲಿ ಸೀಸ ಇರಬಹುದು, ಒಣಗಿದ್ದನ್ನು ಉಜ್ಜಿ ಧೂಳೆಬ್ಬಿಸಬಾರದು. ಇದು ನನಗೆ ಗೊತ್ತಾಗಿದ್ದು ಅರ್ಧ ಬಾಗಿಲು ಮುಗಿದ ಮೇಲೆ.)

ಇದಕ್ಕೆ ಇಲ್ಲಿ ಗ್ರೇನಿಂಗ್ ಅನ್ನುತ್ತಾರೆ. 19ನೇ ಶತಮಾನದಲ್ಲಿ ಓಕ್ ದುಬಾರಿ, ಬಾಲ್ಟಿಕ್ ಕಡೆಯಿಂದ ಬರುತ್ತಿದ್ದ ಪೈನ್ ಅಗ್ಗ. ಹಾಗಾಗಿ ಪೈನಿನಲ್ಲಿ ಬಾಗಿಲು ಮಾಡಿಸಿ, ಮೇಲೆ ಓಕ್ ಬರೆಸುತ್ತಿದ್ದರು. ಬಳಿಸುತ್ತಿದ್ದರು ಅನ್ನುತ್ತಿಲ್ಲ, ಬರೆಸುತ್ತಿದ್ದರು.

ಮೊದಲು ತಿಳಿ ಕೆನೆಬಣ್ಣ ಕೊಟ್ಟು ನುಣ್ಣಗೆ ಉಜ್ಜಬೇಕು. ಅದರ ಮೇಲೆ ಸ್ಕಂಬಲ್, ಅಂದರೆ ಎಣ್ಣೆಯಲ್ಲಿ ಕಲಸಿದ, ಕೆಳಗಿನದು ಕಾಣುವಂಥ ತೆಳು ಕಂದು. ಎಣ್ಣೆಯದ್ದಾದ್ದರಿಂದ ಬೇಗ ಒಣಗುವುದಿಲ್ಲ, ಆಟ ಇರುವುದೇ ಅಲ್ಲಿ. ಉಕ್ಕಿನ ಬಾಚಣಿಗೆ ಎಳೆದರೆ ಎಳೆಗಳು ಮೂಡುತ್ತವೆ. ಹೆಬ್ಬೆರಳಿಗೆ ಬಟ್ಟೆ ಸುತ್ತಿ ಅಲ್ಲಲ್ಲಿ ಒರೆಸಿದರೆ ಓಕ್ ಮರದ ಹೊಳೆಯುವ ಪಟ್ಟೆಗಳು. ಉದ್ದ ಕೂದಲಿನ ಬ್ರಷ್‌ನಿಂದ ಕೆಳಗಿನಿಂದ ಮೇಲಕ್ಕೆ ಪಟಪಟ ಬಡಿದರೆ ಸಣ್ಣ ಸಣ್ಣ ರಂಧ್ರಗಳು. ಒಣಗಿದ ಮೇಲೆ ನೆರಳು ಕೊಡಲು ಇನ್ನೊಂದು ತೆಳು ಪದರ. ಅದನ್ನು ಹಳಸಿದ ಬಿಯರ್‌ನಲ್ಲಿ ಕಲಸುತ್ತಿದ್ದರು! ಬಿಯರ್‌ನ ಅಂಟು, ವಾರ್ನಿಷ್ ಬೀಳುವವರೆಗೆ ಬಣ್ಣದ ಪುಡಿಯನ್ನು ಹಿಡಿದಿಟ್ಟುಕೊಳ್ಳುತ್ತದೆ.

ಇದೇ ಬೋಲ್ಟನ್‌ನಲ್ಲಿ ಕೆಲಸ ಕಲಿತ ಥಾಮಸ್ ಕರ್ಶಾ 1851ರ ಲಂಡನ್ ಮಹಾಪ್ರದರ್ಶನದಲ್ಲೂ 1855ರ ಪ್ಯಾರಿಸ್ ಪ್ರದರ್ಶನದಲ್ಲೂ ಈ ಕೆಲಸಕ್ಕೆ ಪದಕ ಗೆದ್ದ. ಅವನು ಬರೆದ ಮರ, ಅಮೃತಶಿಲೆಯ ಹಲಗೆಗಳು ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿವೆ. ಪೇಂಟರ್ ಒಬ್ಬನ ನಕಲು, ಮ್ಯೂಸಿಯಮ್ಮಿನಲ್ಲಿ!

ನಮ್ಮಲ್ಲಿ ಇದಕ್ಕೆ ಒಂದೇ ಮಾತು: ಡೂಪ್ಲಿಕೇಟ್. ಬೆಂಗಳೂರಿನಲ್ಲಿ ಸಾಲ ಮಾಡಿಯಾದರೂ ತಲೆಬಾಗಿಲಿಗೆ ತೇಗವೇ ಆಗಬೇಕು. ಕಿಟಕಿಯ ಕಬ್ಬಿಣಕ್ಕೆ ಮರದ ಗೆರೆ ಎಳೆಯುವ ಪೇಂಟರ್‌ಗಳು ನಮ್ಮ ಬೀದಿಯಲ್ಲೂ ಇದ್ದರು. ಅವರ ಕೈಚಳಕವನ್ನು ಯಾರೂ ಹೊಗಳಿದ್ದು ಕೇಳಿಲ್ಲ, ಕೂಲಿಯಲ್ಲಿ ಚೌಕಾಸಿ ಮಾಡಿದ್ದು ಕೇಳಿದ್ದೇನೆ. ಅದೇ ಜನ ಕಂಪನಿ ನಾಟಕದಲ್ಲಿ ದರ್ಬಾರಿನ ಪರದೆ ಇಳಿದಾಗ, ಬಟ್ಟೆಯ ಮೇಲಿನ ಅಮೃತಶಿಲೆ ಕಂಬಗಳನ್ನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ರಂಗದ ಮೇಲೆ ಕಲೆ, ಮನೆಯಲ್ಲಿ ಮೋಸ. ಇದ್ಯಾವ ಲೆಕ್ಕ?

ಇಂಗ್ಲಿಷರೇನೂ ಸಾಚಾ ಅಲ್ಲ. ಒಂದು ವಸ್ತುವಿಗೆ ಇನ್ನೊಂದರ ಬಣ್ಣ ಬರೆಯುವುದು ಕಟ್ಟಡ ಹೇಳುವ ಸುಳ್ಳು ಅಂತ ಅವರದೇ ಕಲಾವಿಮರ್ಶಕ ಜಾನ್ ರಸ್ಕಿನ್ 1849ರಲ್ಲೇ ಬೈದಿದ್ದ. ಆಮೇಲೆ, ಕಳೆದ ಶತಮಾನದ ಕೊನೆಯ ದಶಕಗಳಲ್ಲಿ, ಬಾಗಿಲನ್ನು ಕಾಸ್ಟಿಕ್ ಸೋಡಾದಲ್ಲಿ ಅದ್ದಿ ಬಣ್ಣ ತೆಗೆಸಿ, ಬೆತ್ತಲೆ ಪೈನ್ ತೋರಿಸುವುದು ಇಲ್ಲಿ ಫ್ಯಾಷನ್ ಆಯಿತು. ‘ಒರಿಜಿನಲ್’ ಅನ್ನುತ್ತಾರೆ. ಆ ಪೈನ್ ಯಾರಿಗೂ ಕಾಣಬೇಕಾದ್ದೇ ಅಲ್ಲ. ಒರಿಜಿನಲ್ ಆಗಿದ್ದದ್ದು ಆ ಬಣ್ಣ.

ನಮ್ಮಲ್ಲಿ ಈಗಿರುವುದು ಟೆಕ್ಸ್ಚರ್ ಗೋಡೆ. ಟಿವಿ ಹಿಂದಿನ ಒಂದೇ ಗೋಡೆಗೆ, ಕ್ಯಾಟಲಾಗಿನಲ್ಲಿ ಬೆರಳಿಟ್ಟು ತೋರಿಸಿದ್ದು. ಅದನ್ನು ನಾನು ಬೈಯುವುದಿಲ್ಲ. ಸ್ಪಂಜು ಒತ್ತಿ, ಬಟ್ಟೆ ಉರುಳಿಸಿ ಮಾಡುವ ಒಳ್ಳೆಯ ಕೈಗಳೂ ಇವೆ. ನನಗೆ ಸಿಟ್ಟು ಬರುವುದು ಮಾರ್ಬಲ್ ಅಂತ ಅಂಟಿಸುವ ಪ್ಲಾಸ್ಟಿಕ್ ಶೀಟ್ ಮೇಲೆ. ಎರಡನೇ ಶೀಟಿನಲ್ಲಿ ಅದೇ ಗೆರೆ, ಮೂರನೆಯದರಲ್ಲೂ ಅದೇ ಗೆರೆ. ಒಂದು ಸಲ ಕಣ್ಣಿಗೆ ಬಿತ್ತೋ, ಮತ್ತೆ ಸೋಫಾದಲ್ಲಿ ನೆಮ್ಮದಿಯಿಲ್ಲ. ಕರ್ಶಾನಂಥವರು ಓಕ್ ಮರವನ್ನು ಅದರ ಮಾಲೀಕರಿಗಿಂತ ಜಾಸ್ತಿ ದಿಟ್ಟಿಸಿ ನೋಡಿರುತ್ತಾರೆ. ಶೀಟ್ ಅಂಟಿಸುವವನಿಗೆ ಕಲ್ಲು ನೋಡುವ ಕೆಲಸವೇ ಇಲ್ಲ, ಅಲ್ವಾ?

ಕೆಡಿಸಿದ ಬಾಗಿಲಿಗೆ ನಾನೇ ಓಕ್ ಬರೆದೆ. ಬಾಚಣಿಗೆ ಕೊಂಡೆ, ನಾಲ್ಕು ವಾರಾಂತ್ಯ ಹೋಯಿತು, ಮೂರು ಸಲ ಒರೆಸಿ ಮತ್ತೆ ಶುರು ಮಾಡಿದೆ. ಗೆರೆಗಳು ಪರವಾಗಿಲ್ಲ. ಆಸೆಪಟ್ಟು ಒಂದು ಗಂಟು ಬರೆಯಲು ಹೋಗಿ ಅದು ಉದ್ದಿನವಡೆಯಂತೆ ಕೂತಿದೆ. ವಿಡಿಯೋ ಕಾಲ್‌ನಲ್ಲಿ ಅಮ್ಮನಿಗೆ ತೋರಿಸಿದೆ.

"ಇಷ್ಟು ಒದ್ದಾಡೋ ಬದಲು ನಿಜವಾದ ಬಾಗಿಲೇ ಹಾಕಿಸಬಹುದಿತ್ತಲ್ಲೋ" ಅಂದರು. ಆಮೇಲೆ ಕನ್ನಡಕ ಹಾಕಿಕೊಂಡು, "ತಡಿ, ಫೋನ್ ಹತ್ರ ಹಿಡಿ. ಎಡಗಡೆದು ಯಾವುದು, ಮರಾನಾ ನೀನು ಬರೆದಿದ್ದಾ?"